ಅರಳಿಮರದ ಕೆಳಗೆ ಮಾತಾಡದ ರೇಡಿಯೊ

ಉಪಗ್ರಹ ರೇಡಿಯೊ ನಮ್ಮ ನಗರಕ್ಕೆ ಹೊಸದಾಗಿ ಬಂದಿದ್ದ ಕಾಲವದು. ಹೊಸ ಕಾರಿಗೆ ಅದನ್ನು ಹಾಕಿಸಿ, ಮಲ್ಲೇಶ್ವರದ ದೇವಸ್ಥಾನದೆದುರು ಅರಳಿಮರದ ಕೆಳಗೆ ಪೂಜೆಗೆ ನಿಲ್ಲಿಸಿದ್ದೆ. ಗಂಟಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಚಿಕ್ಕಮ್ಮ ಅಂದು ಮೊದಲ ಸಲ ಹಾಡುವವರಿದ್ದರು; ನೇರಪ್ರಸಾರ ಆ ರೇಡಿಯೊದಲ್ಲಿ ಮಾತ್ರ. ತಂಗಿಯ ದನಿ ಉಳಿದಿದೆಯೋ ಇಲ್ಲವೋ ಎಂದು ಅಮ್ಮ ಹಿಂದಿನ ಸೀಟಿನಲ್ಲಿ ಸೆರಗು ಹಿಂಡುತ್ತ ಕುಳಿತಿದ್ದರು. ರೇಡಿಯೊ ಮಾತ್ರ 'ಸಿಗ್ನಲ್ ಇಲ್ಲ' ಎಂದೇ ತೋರಿಸುತ್ತಿತ್ತು.

"ಈ ಮರದಡಿ ಯಾವ ಮಷೀನೂ ಮಾತಾಡಲ್ಲಮ್ಮ. ಇಲ್ಲೊಬ್ಬ ಮುನಿ ಮೌನವ್ರತ ಮಾಡಿದ್ದ," ಎಂದರು ಅರ್ಚಕರು, ಬಾನೆಟ್ಟಿಗೆ ಕುಂಕುಮ ಹಚ್ಚುತ್ತ.

ಆ ಮುನಿಯ ಬಗ್ಗೆ ನನಗೆ ಕೇಳಿದ ಕೂಡಲೇ ಅನುಮಾನ. ರೇಡಿಯೊ ಕಂಪನಿಗೆ ಫೋನ್ ಮಾಡಿದೆ. "ಮೇಡಂ, ಮೇಲೆ ಆಕಾಶ ಕಾಣ್ಬೇಕು. ಗಾಡಿ ಮರದಿಂದ ಆಚೆ ತನ್ನಿ," ಎಂದರು.

ಎಂಜಿನ್ ಶುರುಮಾಡಿದೆ. ಅರ್ಚಕರು ಅಡ್ಡ ನಿಂತರು. "ಮಂಗಳಾರತಿ ಆಗ್ದೆ ಗಾಡಿ ಕದಲ್ಸೋ ಹಾಗಿಲ್ಲ!"

"ಸ್ವಾಮಿ, ಹಾಡು ಶುರುವಾಗೋ ಹೊತ್ತು."

"ದೇವ್ರಿಗಿಂತ ಹಾಡು ಹೆಚ್ಚಾ?"

"ಹಾಡೋಳು ನನ್ನ ತಂಗಿ, ಸ್ವಾಮಿ," ಎಂದರು ಅಮ್ಮ. ಅರ್ಚಕರು ಒಮ್ಮೆ ಅವರನ್ನು ನೋಡಿ, ಮಂತ್ರವನ್ನು ಓಡಿಸಿ, ಕರ್ಪೂರ ಬೆಳಗಿ ಪಕ್ಕಕ್ಕೆ ಸರಿದರು.

ನಾಲ್ಕು ಚಕ್ರಗಳಡಿಯ ನಿಂಬೆಹಣ್ಣುಗಳು ಪಚಕ್ಕೆಂದವು. ಕಾರು ಮರದ ನೆರಳು ದಾಟಿತು. ಚಿಕ್ಕಮ್ಮನ ದನಿ, ಕೊಂಚ ಒರಟಾಗಿ, ಆದರೆ ಶ್ರುತಿ ಬಿಡದೆ, ಕಾರನ್ನು ತುಂಬಿತು.

"ನೋಡಿದ್ರಾ, ನಿಂಬೆಹಣ್ಣು ಒಡೆದ ತಕ್ಷಣ ಮುನಿ ಬಿಟ್ಕೊಟ್ಟ!" ಎಂದು ಅರ್ಚಕರು ಹಿಂದಿನಿಂದ ಕೂಗಿದರು.

ಆಕಾಶದ ವಿಷಯ ಹೇಳಲು ಕಿಟಕಿ ಇಳಿಸಿದೆ. "ಶ್! ಹಾಡ್ತಿದಾಳೆ," ಎಂದು ಅಮ್ಮ ಗದರಿದರು. ನನ್ನ ವಿವರಣೆ ಅಲ್ಲಿಗೇ ನಿಂತಿತು. ಈಗ ಹೊಸ ಕಾರಿನಲ್ಲಿ ರೇಡಿಯೊ ಇದ್ದರೆ, ಆ ದೇವಸ್ಥಾನದಲ್ಲಿ ಮುನಿಗೆಂದು ಐದನೆಯ ನಿಂಬೆಹಣ್ಣನ್ನೂ ಕೇಳುತ್ತಾರಂತೆ.