ಗಡಿಗೆಯ ತಳದ ಹೆಪ್ಪು

ಹೋದ ತಿಂಗಳು ತಮ್ಮನ ಮಗ ಬೆಳಗಾವಿಯಿಂದ ಬರುವಾಗ ಒಂದು ಬಾಟಲಿ ಬೀರು ತಂದಿದ್ದ. “ಅತ್ತಿ, ಇದು ಹುಳಿ ಬೀರ್, ಈಗ ಭಾಳ ನಡದೈತಿ” ಎಂದು ಮುಚ್ಚಳ ತೆಗೆದ. ಬೈಲಹೊಂಗಲದ ನನ್ನ ಅಡುಗೆಮನೆ ತುಂಬ ಕವಳಿಹಣ್ಣಿನ ಹುಳಿ, ಅದರ ಹಿಂದೆಯೇ ಮಳೆಗೆ ತೊಯ್ದ ಎತ್ತಿನ ಮೈವಾಸನೆ... ನಾನು ಕುಡಿಯುವವಳಲ್ಲ. ಆದರೂ ಗ್ಲಾಸನ್ನು ಮೂಗಿನ ಹತ್ತಿರ ಹಿಡಿದುಕೊಂಡು ಬಹಳ ಹೊತ್ತು ಕೂತೆ. ಹುಡುಗ ಗಾಬರಿಯಾದ.

ಸವದತ್ತಿಯಲ್ಲಿ ನಮ್ಮ ಪಕ್ಕದ ಮನೆಯ ಕಾಕಾ ಮಾಡುತ್ತಿದ್ದ ಬೀರಿಗೂ ಇಂಥದೇ ವಾಸನೆ ಇತ್ತು.

ಕಾಕಾ ಮಿಲಿಟರಿಯಲ್ಲಿದ್ದು ಬಂದವನು. ಅಸ್ಸಾಮಿನ ಕಡೆ ಇದ್ದಾಗ ಮನೆಯಲ್ಲೇ ಬೀರು ಮಾಡುವುದನ್ನು ಕಲಿತಿದ್ದ. ಇಲ್ಲಿ ಜೋಳವನ್ನು ಮೊಳಕೆ ಬರಿಸಿ, ಒಣಗಿಸಿ, ಒಡೆದು ಕುದಿಸಿ, ಸೋಸಿದ ನೀರನ್ನು ಗಡಿಗೆಗೆ ತುಂಬುತ್ತಿದ್ದ. ಅಂಗಡಿಯ ಯೀಸ್ಟ್ ಮುಟ್ಟುತ್ತಿರಲಿಲ್ಲ. ತೊರಗಲ್ ಗುಡ್ಡದ ಕವಳಿಹಣ್ಣಿನ ಸಿಪ್ಪೆಯ ಮೇಲೆ ತಾನಾಗಿ ಕೂತಿರುವ ಕಾಡು ಯೀಸ್ಟೇ ಅವನಿಗೆ ಬೇಕು. ತೊರಗಲ್ ಅವನ ಹೆಂಡತಿ, ನಮ್ಮ ಕಾಕೂನ ತವರು. ಹಣ್ಣು ತರಿಸುವುದೂ ಕಿವುಚುವುದೂ ಆಕೆಯ ಕೆಲಸ. ಜೀವಮಾನದಲ್ಲಿ ಒಂದು ಹನಿ ಬಾಯಿಗಿಡದ ಕಾಕು, ಗಂಡನನ್ನು ಬಾಯಿತುಂಬ ಬೈಯುತ್ತ, ಮೊಣಕೈವರೆಗೆ ಕೆಂಪು ಮಾಡಿಕೊಂಡು ಹಣ್ಣು ಕಿವುಚುತ್ತಿದ್ದಳು. “ರುಚಿ ಬರೇ ಹಣ್ಣಿಂದಲ್ಲ, ಅಕಿ ಕೈದೂ ಐತಿ” ಎನ್ನುತ್ತಿದ್ದ ಕಾಕಾ. ಬಾಟಲಿ ಕೊಡುವಾಗ ವರ್ಷದತನಕ ತೆಗೆಯಬೇಡಿ ಎಂದು ತಾಕೀತು ಮಾಡುತ್ತಿದ್ದ. ಮೊದಮೊದಲು ದನದ ಕೊಟ್ಟಿಗೆಯಂತೆ ನಾರುವ ಬೀರು, ವರ್ಷ ತುಂಬಿದರೆ ಹಣ್ಣಾದ ಪೇರಲದ ವಾಸನೆಗೆ ತಿರುಗುತ್ತಿತ್ತಂತೆ.

ಒಂದು ಬೇಸಿಗೆ, ಹಣ್ಣು ಕಿವುಚಿಕೊಟ್ಟ ಸ್ವಲ್ಪ ದಿನಕ್ಕೇ ಕಾಕು ತೀರಿಕೊಂಡಳು. ಅಲ್ಲಿಂದ ಮುಂದೆ ಕಾಕಾ ಹೊಸ ಹಣ್ಣು ತರಿಸಲಿಲ್ಲ. ಬೀರು ಬಸಿದ ಮೇಲೆ ಗಡಿಗೆಯ ತಳದಲ್ಲಿ ಉಳಿಯುವ ಗಷ್ಟಿನ ಮೇಲೆಯೇ ಹೊಸ ಜೋಳದ ನೀರು ಹೊಯ್ಯುತ್ತಿದ್ದ. ಮೊಸರಿಗೆ ಹೆಪ್ಪು ಹಾಕಿದ ಹಾಗೆ. ಆ ಗಡಿಗೆಯಲ್ಲಿ ಕಾಕೂನ ಕೈ ಇನ್ನೂ ಇದೆ ಎಂದು ಅವನ ನಂಬಿಕೆ.

ಮಹಾನವಮಿ ಬಂತೆಂದರೆ ನಮ್ಮ ಕಡೆ ಮನೆಯಲ್ಲಿ ತೊಳೆಯದ ವಸ್ತು ಉಳಿಯಬಾರದು. ಕೌದಿ, ಡಬ್ಬಿ, ಗಡಿಗೆ, ಎಲ್ಲ ಕಾಲುವೆಗೆ ಹೋಗುತ್ತವೆ. ಆ ವರ್ಷ ರಾಮದುರ್ಗದಿಂದ ಬಂದ ಕಾಕಾನ ಮಗಳು, ತಾಯಿಯಿಲ್ಲದ ಮನೆಯೆಂದು ಇನ್ನಷ್ಟು ಮುತುವರ್ಜಿ ವಹಿಸಿ, ಆ ಗಡಿಗೆಯನ್ನೂ ಬೂದಿ ಹಾಕಿ ತಿಕ್ಕಿ ಬಿಸಿಲಿಗೆ ಬೋರಲು ಹಾಕಿದಳು. ಸಂತೆಯಿಂದ ಬಂದ ಕಾಕಾ ನೋಡಿದ. “ಚೊಲೋ ತೊಳದೀಯವಾ” ಅಂದ, ಅಷ್ಟೇ. ಆಮೇಲೆ ಬೀರು ಕೊಟ್ಟ ಮನೆಗಳಿಗೆಲ್ಲ ಹೋಗಿ ಬಾಟಲಿಯಲ್ಲಿ ಗಷ್ಟು ಉಳಿದಿದೆಯೇ ಎಂದು ಕೇಳಿದ. ಎಲ್ಲರೂ ಕುಡಿದು ಮುಗಿಸಿದ್ದರು. ಹಬ್ಬವೆಂದು ಬಾಟಲಿಯನ್ನೂ ತೊಳೆದಿದ್ದರು.

ನಮ್ಮ ಮನೆಗೆ ಬಂದಾಗ ಮುಸ್ಸಂಜೆ. ಅಪ್ಪ ಕುಡಿಯುವವನಲ್ಲ, ಬೇಡ ಎನ್ನಲಾರದೆ ಇಸಿದುಕೊಂಡ ಬಾಟಲಿ ಡಬ್ಬಿಗಳ ಹಿಂದೆ ಹಾಗೇ ಇತ್ತು. ಅವ್ವ ತಂದು ಮುಂದೆ ಹಿಡಿದಳು.

“ಅಣ್ಣಾರ, ತಳದಾಗ ಗಷ್ಟ ಕಾಣತೈತಿ ನೋಡ್ರಿ.”

ಕಾಕಾ ಕೈ ಚಾಚಿದ. ಅಷ್ಟರಲ್ಲಿ ದೇವರ ಮುಂದಿನ ದೀಪ ನೋಡಿ ಕೈ ಹಿಂದಕ್ಕೆ ತೆಗೆದುಕೊಂಡ.

“ದೀಪ ಹಚ್ಚೀಯಲ್ಲ ತಂಗಿ. ಈ ಹೊತ್ತಿನ್ಯಾಗ ಹೆಪ್ಪ ಮನಿ ಹೊರಗ ಹೋಗಬಾರ್ದು.”

“ಇದೇನ ಮೊಸರಲ್ಲಲ್ರಿ.”

“ಹೆಪ್ಪ ಹೆಪ್ಪನವಾ. ಅಕಿ ಎಂದೂ ದೀಪ ಹಚ್ಚಿದ ಮ್ಯಾಲ ಇಸ್ಗೊಂಡಾಕಿ ಅಲ್ಲ. ಮುಂಜಾನೆ ಬರತೇನಿ.”

ನನಗೆ ಸಿಟ್ಟೇ ಬಂತು. ಊರೆಲ್ಲ ಅಲೆದವನು ಕೈಗೆ ಸಿಕ್ಕಿದ್ದನ್ನು ಬಿಟ್ಟು ಹೋಗುವುದೆಂದರೆ! ಮರುದಿನ ನಾವು ಅಂಗಳ ಗುಡಿಸುವ ಮೊದಲೇ ಅವನು ಸ್ನಾನ ಮಾಡಿಕೊಂಡು ಬಂದು ನಿಂತಿದ್ದ.

ಗಷ್ಟು ಹಾಕಿದ ಮೇಲೂ ಗಡಿಗೆ ಸುಮ್ಮನೇ ಇತ್ತು. ಕಾಕಾ ಅದರ ಪಕ್ಕದಲ್ಲೇ ಕೂತಿರುತ್ತಿದ್ದ. ಮಗಳು ಬಡಿಸಿದ ಹೋಳಿಗೆಯನ್ನೂ ಸರಿಯಾಗಿ ತಿನ್ನಲಿಲ್ಲ. ಹಬ್ಬ ಮುಗಿದ ಮೇಲೆ ಒಂದು ಮಧ್ಯಾಹ್ನ ಗೋಡೆಯಾಚೆಯಿಂದ ಕೂಗಿದ. “ಯವ್ವಾ, ಬಾ ಇಲ್ಲಿ. ಬಂದಾಳ.”

ಹೋಗಿ ನೋಡಿದರೆ ತೆಳ್ಳಗೆ ಬಿಳಿ ನೊರೆ. ಕಾಕಾ ಧೋತರದ ಚುಂಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ. ನನಗೂ ಅಳು ತಡೆಯಲಾಗಲಿಲ್ಲ.

ಮದುವೆಯಾಗಿ ನಾನು ಬೈಲಹೊಂಗಲಕ್ಕೆ ಬಂದೆ. ವರ್ಷಗಳು ಕಳೆದು ಒಮ್ಮೆ ತವರಿಗೆ ಹೋದಾಗ ಕಾಕಾ ಬಹಳ ಸೊರಗಿದ್ದ. ನನಗಿಷ್ಟು ಹೆಪ್ಪು ಕೊಡು, ನಾನು ಕಾಪಾಡಿಕೊಂಡು ಹೋಗುತ್ತೇನೆ ಎಂದು ಕೇಳಿದೆ. ಅವನು ಗಡಿಗೆ ವಾಲಿಸಿ ತೋರಿಸಿದ. ಖಾಲಿ.

“ಗಷ್ಟ ಸಮೇತ ನಾನ ಕುಡದ ಮುಗಿಸೇನವಾ. ಸತ್ತ ಮ್ಯಾಲೂ ಅಕಿನ್ನ ಇನ್ನೆಷ್ಟ ದಿನ ದುಡಸೂದು?”

ಆಗ ಅದು ನನಗೆ ಜಿಪುಣತನ ಅನ್ನಿಸಿತ್ತು. ಆ ಚಳಿಗಾಲದಲ್ಲಿ ಕಾಕಾನೂ ಹೋದ...

“ಹೆಂಗೈತಿ ಅತ್ತಿ?” ಎಂದು ಹುಡುಗ ಕೇಳಿದ. ಚೊಲೋ ಐತಿ ಅಂದೆ. ನಿಜವಾಗಿಯೂ ಚೆನ್ನಾಗಿತ್ತು. ಆದರೆ ಮೂಸಿದಷ್ಟೂ ಅದು ಯಾರೋ ಗೊತ್ತಿಲ್ಲದವರ ಮನೆಯ ವಾಸನೆ. ಆ ಗಂಡ ಹೆಂಡತಿ ಇನ್ನು ಎಲ್ಲೂ ಇಲ್ಲ ಎನ್ನುವುದು, ಇಷ್ಟು ವರ್ಷದ ಮೇಲೆ, ನನಗೆ ಅವತ್ತು ಗೊತ್ತಾಯಿತು.