ಜಿಪ್ಪು ಚೀಲದ ಸಂಸಾರ

ಜಿಪ್ಪು ಎಳೆಯುವ ಸದ್ದು ಕೇಳಿದರೆ ನನಗೆ ಸಮಾಧಾನವಾಗುತ್ತದೆ. ಹೇಳಿಕೊಳ್ಳಲು ಸ್ವಲ್ಪ ಸಂಕೋಚವೇ. ನನ್ನ ವಯಸ್ಸಿನ ಹೆಂಗಸರಿಗೆ ಭಜನೆಯಿಂದಲೋ ಮೊಮ್ಮಕ್ಕಳ ಮಾತಿನಿಂದಲೋ ಸಿಗುವ ನೆಮ್ಮದಿ ನನಗೆ ಒಂದು ಚೀಲದ ಬಾಯಿ ಈ ತುದಿಯಿಂದ ಆ ತುದಿಗೆ ಸರ್ರನೆ ಮುಚ್ಚಿಕೊಂಡಾಗ ಸಿಗುತ್ತದೆ. ನಮ್ಮ ಮನೆಯಲ್ಲಿ ಎಲ್ಲಕ್ಕೂ ಒಂದೊಂದು ಜಿಪ್ಪು ಚೀಲವಿದೆ. ಮಾತ್ರೆಗೆ ಒಂದು, ಸೂಜಿ ದಾರಕ್ಕೆ ಒಂದು, ಚಾರ್ಜರುಗಳಿಗೆ ಒಂದು, ಮುಂದೆ ಬೇಕಾದೀತೆಂದು ತೆಗೆದಿಟ್ಟ ಖಾಲಿ ಚೀಲಗಳಿಗೆ ಇನ್ನೊಂದು. ನನ್ನ ನಾದಿನಿ ಬಂದಾಗಲೆಲ್ಲ ಕೇಳುತ್ತಾಳೆ: "ಅತ್ತಿಗೇ, ನಮ್ಮಣ್ಣನ ಅಳತೆಗೆ ಒಂದು ಇನ್ನೂ ಹೊಲಿಸಿಲ್ವಾ?" ಹೊಲಿಸಬಹುದಿತ್ತು. ಒಳಗೆ ಸುಮ್ಮನೆ ಕೂರುವ ಗಂಡಸಲ್ಲ ಅವರು.

ಈ ಗೀಳು ನನಗೆ ಅಂಟಿದ್ದು ಕೆಲಸದಿಂದ. ಚಿತ್ರದುರ್ಗದಲ್ಲಿ ಆಪರೇಷನ್ ಥಿಯೇಟರಿನ ನರ್ಸಾಗಿ ದುಡಿದವಳು ನಾನು. ಅಲ್ಲಿ ಕತ್ತರಿಗೆ ಒಂದು ಜಾಗವೆಂದರೆ ಒಂದೇ ಜಾಗ. ಗೇಣುದ್ದ ಆಚೆ ಇಟ್ಟರೆ ಹಿರಿಯ ಸಿಸ್ಟರು ಬೈಯುತ್ತಿರಲಿಲ್ಲ, ಕನ್ನಡಕದ ಮೇಲಿನಿಂದ ನೋಡುತ್ತಿದ್ದರು. ಬೈದಿದ್ದರೇ ಎಷ್ಟೋ ವಾಸಿಯಿತ್ತು. ಆ ನೋಟ ನನ್ನೊಳಗೆ ಎಷ್ಟು ಇಳಿದಿದೆಯೆಂದರೆ, ಇವತ್ತಿಗೂ ಸಾಸಿವೆ ಡಬ್ಬಿ ಜೀರಿಗೆ ಡಬ್ಬಿಯ ಜಾಗದಲ್ಲಿದ್ದರೆ ನನ್ನ ಕನ್ನಡಕ ತಾನಾಗಿ ಮೂಗಿನ ತುದಿಗೆ ಜಾರುತ್ತದೆ.

ಇಂಥವಳಿಗೆ ಗಂಟುಬಿದ್ದ ಯಜಮಾನರು ಮಾರಿಕಣಿವೆ ಅಣೆಕಟ್ಟಿನಲ್ಲಿ ಪಂಪಿನ ಫಿಟ್ಟರಾಗಿದ್ದವರು. ನಿವೃತ್ತಿಯಾಗಿ ಹಿರಿಯೂರಿಗೆ ಬಂದ ಮೇಲೆ ನಮ್ಮ ಬೀದಿಯ ನಲ್ಲಿ, ಮಿಕ್ಸಿ, ಸೈಕಲ್ಲುಗಳಿಗೆಲ್ಲ ಅವರೇ ಡಾಕ್ಟರು. ಫೀಸಿಲ್ಲ, ಟೀ ಕೊಟ್ಟರೆ ಸಾಕು. ಅವರ ಸಾಮಾನೆಲ್ಲ ಒಂದು ಗೋಣಿಚೀಲದಲ್ಲಿ. ಒಂದು ಸಣ್ಣ ಟೆಸ್ಟರ್ ಬೇಕಾದರೂ ಇಡೀ ಚೀಲವನ್ನು ನಡುಮನೆಯಲ್ಲಿ ಕಾಳು ಸುರಿದಂತೆ ಸುರಿಯುತ್ತಿದ್ದರು. ಆ ಸದ್ದಿಗೆ ಬೆಕ್ಕು ಹಿತ್ತಲಿಗೆ, ನಾನು ಬೀದಿಗೆ. ಅವರು ಮಾತ್ರ ಕುಕ್ಕರುಗಾಲಲ್ಲಿ ಕುಳಿತು, ರಾಶಿಯ ಮೇಲೆ ಒಮ್ಮೆ ಕಣ್ಣಾಡಿಸಿ, ಬೇಕಾದದ್ದನ್ನು ಹೆಕ್ಕಿ ಎತ್ತುತ್ತಿದ್ದರು. "ನಂದೇನು ಕಳ್ದೈತೆ? ಎಲ್ಲಾ ಚೀಲದಾಗೇ ಐತೆ" ಎನ್ನುವುದು ಅವರ ವಾದ. ಅದು ನಿಜವೂ ಆಗಿದ್ದದ್ದೇ ನನ್ನ ದೊಡ್ಡ ಸಂಕಟ.

ಆಮೇಲೆ ಅವರ ಕಣ್ಣಿಗೆ ತೊಂದರೆ ಬಂತು. ಪೊರೆಯಲ್ಲ, ನರದ್ದು. ಹೋದದ್ದು ಬರುವುದಿಲ್ಲ, ಇರುವುದನ್ನು ಹನಿ ಹಾಕಿ ಕಾಪಾಡಿಕೊಳ್ಳಿ ಎಂದರು ಡಾಕ್ಟರು. ಎದುರಿಗಿರುವುದು ಮಂಜಿನಲ್ಲಿದ್ದಂತೆ ಕಾಣುತ್ತದೆ, ಅಕ್ಕಪಕ್ಕದ್ದು ಇಲ್ಲವೇ ಇಲ್ಲ. ಒಂದು ದಿನ ಎಂದಿನಂತೆ ಚೀಲ ಸುರಿದು ಕುಳಿತರು. ಟೆಸ್ಟರ್ ಅವರ ಮೊಣಕಾಲಿನ ಪಕ್ಕದಲ್ಲೇ ಬಿದ್ದಿತ್ತು. ಅವರು ರಾಶಿಯನ್ನು ತಡಕಿದರು, ಇನ್ನೊಮ್ಮೆ ತಡಕಿದರು. ಕೊನೆಗೆ ಎಲ್ಲವನ್ನೂ ಚೀಲಕ್ಕೆ ತುಂಬಿ, "ಗುಜರಿಯೋನು ಬಂದ್ರೆ ಹಾಕ್ಬಿಡು" ಎಂದು ಎದ್ದುಹೋದರು.

ಆ ಗೋಣಿಚೀಲ ಯಾವತ್ತು ತೊಲಗೀತೋ ಎಂದು ಕಾದಿದ್ದವಳು ನಾನೇ. ಅವತ್ತು ಮಾತ್ರ ಅದನ್ನು ಮಂಚದ ಕೆಳಗೆ ಬಚ್ಚಿಟ್ಟೆ. ಸಾಮಾನಿನ ಮಾತಲ್ಲ ಇದು. "ಮಾವಾ, ಅದೀರಾ?" ಎಂದು ಬೀದಿಯಿಂದ ಕೂಗು ಬಂದ ಮೇಲೆಯೇ ಅವರಿಗೆ ಬೆಳಗಾಗುತ್ತಿತ್ತು. ಆ ಕೂಗಿಗೆ ಇನ್ನು ಏಳುವುದಿಲ್ಲ ಎಂದು ಕುಳಿತರೆ ಕಣ್ಣಿನ ಜೊತೆ ಮನುಷ್ಯನೂ ಮಂಕಾಗುತ್ತಾನೆ. ಅದನ್ನು ಆಸ್ಪತ್ರೆಯಲ್ಲಿ ಬೇಕಾದಷ್ಟು ನೋಡಿದ್ದೇನೆ.

ಆಗ ನೆನಪಾದದ್ದು ಹೊಸದುರ್ಗದ ನಮ್ಮಜ್ಜಿಯ ಎಲೆಅಡಿಕೆ ಸಂಚಿ. ಒಂದರ ಹಿಂದೊಂದು ಅರೆಗಳಿದ್ದ ಬಟ್ಟೆಯ ಸಂಚಿ ಅದು. ಅಜ್ಜಿ ಜಗುಲಿಯಲ್ಲಿ ಕುಳಿತು ಯಾರದೋ ಮನೆಯ ಜಗಳವನ್ನು ಸವಿಸ್ತಾರವಾಗಿ ವರ್ಣಿಸುತ್ತ, ಒಮ್ಮೆಯೂ ಕೆಳಗೆ ನೋಡದೆ, ಒಂದು ಅರೆಯಿಂದ ಎಲೆ, ಇನ್ನೊಂದರಿಂದ ಅಡಿಕೆ, ಮತ್ತೊಂದರಿಂದ ಸುಣ್ಣದ ಡಬ್ಬಿ ತೆಗೆಯುತ್ತಿದ್ದಳು. ಜಗಳದ ವಿವರದಲ್ಲಿ ತಪ್ಪಿದರೂ ಸಂಚಿಯಲ್ಲಿ ತಪ್ಪಿದವಳಲ್ಲ. ಹಿಂದಿನ ಅರಸರ ಬಳಿ ಇಂಥ ಚೀಲ ಹಿಡಿದು ನಿಲ್ಲಲೆಂದೇ ಒಬ್ಬ ಆಳಿರುತ್ತಿದ್ದನಂತೆ. ಆ ಚೀಲಕ್ಕೆ ಹಡಪ ಎನ್ನುತ್ತಿದ್ದರು. ಕ್ಷೌರದವರು ಕತ್ತರಿ, ಬಾಚಣಿಗೆ ಇಟ್ಟುಕೊಳ್ಳುವ ಚೀಲಕ್ಕೂ ಅದೇ ಹೆಸರು. ಬಾಯಿಗೆ ಹಾಕುವುದಿರಲಿ, ತಲೆಗೆ ಹಿಡಿಯುವುದಿರಲಿ, ಕೈಗೆ ಬೇಕಾದದ್ದು ಕೈಗೆ ಸಿಗಬೇಕು ಎಂಬುದು ನಮ್ಮವರಿಗೆ ಎಂದೋ ತಿಳಿದಿತ್ತು. ಜಿಪ್ಪೊಂದು ಬಾಕಿಯಿತ್ತು, ಅಷ್ಟೆ. ಎಂಥ ಜಾಣ ವಸ್ತು ಅದು! ಎರಡು ಸಾಲು ಹಲ್ಲು, ನಡುವೆ ಓಡಾಡುವ ಒಂದು ತುಂಡು. ಒಂಟಿ ಸಾಲನ್ನು ಯಾರೂ ಮುಟ್ಟುವುದಿಲ್ಲ. ಎರಡೂ ಸೇರಿದರೆ ಗಟ್ಟಿ, ಆದರೆ ಒಂದು ಹಲ್ಲು ಮುನಿಸಿಕೊಂಡರೂ ಇಡೀ ಚೀಲ ಬಾಯಿಬಿಡುತ್ತದೆ. ಮದುವೆ ಮನೆಗಳಲ್ಲಿ ದಾಂಪತ್ಯದ ಬಗ್ಗೆ ಭಾಷಣ ಮಾಡುವವರು ಒಂದು ಜಿಪ್ಪು ಎತ್ತಿ ತೋರಿಸಿ ಕುಳಿತುಬಿಟ್ಟರೆ ಊಟಕ್ಕೂ ತಡವಾಗುವುದಿಲ್ಲ.

ಚಿತ್ರದುರ್ಗದಲ್ಲಿ ಟಾರ್ಪಾಲು, ಸ್ಕೂಲ್ ಬ್ಯಾಗು ಹೊಲಿಯುವ ಖಾದರ್ ಸಾಹೇಬರ ಬಳಿ ಹೋದೆ. ಒಳಗೆ ಒಂದೊಂದು ಸಾಮಾನಿಗೂ ಒಂದೊಂದು ಜೇಬು ಬರುವಂತೆ ದಪ್ಪ ಬಟ್ಟೆಯ ಚೀಲಗಳು ಬೇಕೆಂದೆ.

"ಇಷ್ಟು ಚೀಲ ಯಾರಿಗ್ರಿ ಅಮ್ಮಾ? ಅಂಗಡಿ ಇಡ್ತೀರಾ?"

"ನಮ್ಮ ಯಜಮಾನರಿಗೆ."

"ಒಬ್ಬರಿಗೇನಾ! ನಮ್ಮನೆಯೋಳು ನನಗೊಂದು ಕರ್ಚೀಫೂ ಹೊಲ್ದಿಲ್ಲ ಬಿಡ್ರಿ" ಎಂದು ನಕ್ಕು, ನಾನು ಆರಿಸಿದ್ದ ನಾಜೂಕು ಜಿಪ್ಪನ್ನು ಪಕ್ಕಕ್ಕೆ ಸರಿಸಿದರು. "ವಯಸ್ಸಾದ ಕೈಗೆ ದೊಡ್ಡ ಹಲ್ಲಿಂದೇ ಸರಿ. ಇದು ತಗಳ್ರಿ."

ಹೊಲಿದ ಚೀಲಗಳನ್ನು ಮನೆಗೆ ತಂದು, ಮಂಚದ ಕೆಳಗಿನ ಸಾಮಾನನ್ನು ಒಂದು ಮಧ್ಯಾಹ್ನವೆಲ್ಲ ಕುಳಿತು ವಿಂಗಡಿಸಿದೆ. ಸ್ಪ್ಯಾನರುಗಳೆಲ್ಲ ಒಂದರಲ್ಲಿ, ಸ್ಕ್ರೂಡ್ರೈವರುಗಳೆಲ್ಲ ಇನ್ನೊಂದರಲ್ಲಿ, ಇಕ್ಕಳಗಳು ಮತ್ತೊಂದರಲ್ಲಿ. ಪ್ರತಿಯೊಂದರ ಮೇಲೂ ಬಿಳಿ ಬಣ್ಣದಲ್ಲಿ ದುಂಡಗೆ ಹೆಸರು ಬರೆದೆ. ನನ್ನ ಅಕ್ಷರದ ಬಗ್ಗೆ ನನಗೆ ಹೆಮ್ಮೆಯಿದೆ. ಸಾಲಾಗಿ ಅವರ ಮುಂದಿಟ್ಟು ಕೈಕಟ್ಟಿ ನಿಂತೆ. ಅವರು ಒಂದು ಚೀಲದ ಮೇಲೆ ಬೆರಳಾಡಿಸಿದರು.

"ಏನೋ ಬರ್ದಂಗೈತಲ್ಲೇ?"

"ಹೆಸರು ರೀ. ಸುಲಭವಾಗಿ ಗೊತ್ತಾಗಲಿ ಅಂತ."

"ಚೆನ್ನಾಗೈತೆ. ಯಾವ್ದು ಏನು ಅಂತ ಓದಿ ಹೇಳು ಮತ್ತೆ."

ಕಣ್ಣು ಕಾಣದವರಿಗೆ ಬೋರ್ಡು ಬರೆದುಕೊಟ್ಟ ಬುದ್ಧಿವಂತೆ ನಾನು! ಅಷ್ಟಕ್ಕೇ ಮುಗಿಯಲಿಲ್ಲ. ಒಂದು ನಲ್ಲಿ ರಿಪೇರಿಗೆ ನಾಲ್ಕು ಚೀಲ ತೆರೆಯಬೇಕಾಗುತ್ತದೆ ಎಂದು ಅವರು ತೋರಿಸಿಕೊಟ್ಟರು. "ನಿಮ್ಮ ಥಿಯೇಟರ್‌ನಾಗೂ ಹಿಂಗೇ ಏನೇ? ಕತ್ರಿಯೆಲ್ಲ ಒಂದು ಮೂಟೆ, ಚಾಕುವೆಲ್ಲ ಒಂದು ಮೂಟೆ?" ಇಲ್ಲ, ಅಲ್ಲಿ ಹೆರಿಗೆಗೆ ಒಂದು ಸೆಟ್ಟು, ಹರ್ನಿಯಾಕ್ಕೆ ಒಂದು ಸೆಟ್ಟು. ಕೆಲಸಕ್ಕೆ ತಕ್ಕಂತೆ ಕಟ್ಟುತ್ತಿದ್ದೆವು. ಎಷ್ಟೋ ಸಾವಿರ ಸಲ ಕಟ್ಟಿದ ಕೈಗೆ ಮನೆಯಲ್ಲಿ ಅದು ಹೊಳೆಯಲೇ ಇಲ್ಲ.

ಎಲ್ಲವನ್ನೂ ಮತ್ತೆ ಸುರಿದು ಇಬ್ಬರೂ ಕೂಡಿ ಕುಳಿತೆವು. ನಲ್ಲಿಯ ಚೀಲ, ಸೈಕಲ್ ಚೀಲ, ಮೋಟರ್ ಚೀಲ. ಗುರುತನ್ನು ಅವರೇ ಕಟ್ಟಿದರು. ನಲ್ಲಿ ಚೀಲದ ಜಿಪ್ಪಿಗೆ ಒಂದು ವಾಷರ್, ಸೈಕಲ್ಲಿನದಕ್ಕೆ ಟ್ಯೂಬಿನ ರಬ್ಬರ್ ತುಂಡು, ಮೋಟರಿನದಕ್ಕೆ ಗಂಟು ಹಾಕಿದ ವೈರು. ಕತ್ತಲಲ್ಲಿ ಮುಟ್ಟಿದರೂ ಹೇಳಬಹುದು. ನನ್ನ ಬಿಳಿ ಅಕ್ಷರಗಳು ಈಗಲೂ ಹಾಗೇ ಇವೆ, ತಪ್ಪು ಹೆಸರು ಹೊತ್ತುಕೊಂಡು.

ಬೀದಿಯವರಿಗೂ ಚೀಲ ಇಷ್ಟವಾಯಿತು. ಮೊದಲು ಬಿಡಿಯಾಗಿ ಎರವಲು ಹೋದ ಸ್ಕ್ರೂಡ್ರೈವರ್ ತವರಿಗೆ ಹೋದ ಸೊಸೆಯಂತೆ, ಕರೆಯದೆ ಬರುತ್ತಿರಲಿಲ್ಲ. ಈಗ ಚೀಲಸಮೇತ ಹೋಗಿ ಚೀಲಸಮೇತ ಬರುತ್ತದೆ. ಆದರೆ ನಮ್ಮ ಕಡೆ ಎರವಲು ತಂದ ಪಾತ್ರೆಯನ್ನು ಖಾಲಿ ಹಿಂದಿರುಗಿಸುವುದಿಲ್ಲ, ಒಂದು ಹಿಡಿ ಏನಾದರೂ ಹಾಕಿಯೇ ಕೊಡಬೇಕು. ಜಿಪ್ಪು ಚೀಲವನ್ನೂ ಜನ ಪಾತ್ರೆಯ ಲೆಕ್ಕಕ್ಕೇ ಸೇರಿಸಿಬಿಟ್ಟರು. ಎದುರು ಮನೆಯ ತಿಪ್ಪಮ್ಮ, ಬಸ್‌ಸ್ಟ್ಯಾಂಡ್ ಹತ್ತಿರ ಇಡ್ಲಿ ಅಂಗಡಿ ಇಟ್ಟಿರುವವಳು, ನಲ್ಲಿ ಚೀಲದೊಳಗೆ ಹುರಿದ ಕಡಲೇಕಾಯಿ ತುಂಬಿ ಕಳಿಸಿದಳು. ಸೆಟ್ಟಿನೊಳಗೆ ಹೊರಗಿನ ವಸ್ತು! ನನ್ನ ಕನ್ನಡಕ ಮೂಗಿನ ತುದಿಗೆ ಬಂದೇಬಿಟ್ಟಿತು. ಯಜಮಾನರು ವಾಷರಿಗೆಂದು ಕೈಹಾಕಿ, ಕಡಲೇಕಾಯಿ ಹಿಡಿದು, ಬಹಳ ದಿನಗಳ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ನಾನು ಆ ವಿಷಯ ಎತ್ತಲಿಲ್ಲ.

ಇಷ್ಟಾದರೂ ಅವರು ಹೊಸಿಲು ದಾಟಿರಲಿಲ್ಲ. ಸಾಮಾನು ಕೊಡುತ್ತಿದ್ದರು, ತಾವು ಹೋಗುತ್ತಿರಲಿಲ್ಲ. ಮೊನ್ನೆ ಮಧ್ಯಾಹ್ನ ತಿಪ್ಪಮ್ಮನೇ ಓಡಿಬಂದಳು. ಮರುದಿನದ ಇಡ್ಲಿಗೆ ನೆನೆಹಾಕಿದ್ದಾಳೆ, ಗ್ರೈಂಡರಿನ ಬೆಲ್ಟು ಜಾರುತ್ತಿದೆ, ಕಲ್ಲು ತಿರುಗುತ್ತಿಲ್ಲ.

"ಬೇರೆ ಯಾರನ್ನಾದ್ರೂ ಕರ್ಕಳಮ್ಮ. ನಂಗೆ ಕಣ್ಣು ಕಾಣಲ್ಲ" ಎಂದರು.

"ಕಣ್ಣು ಯಾರು ಕೇಳಿದ್ರು ಮಾವ? ನಿಮ್ ಕೈ ತಗಂಡು ಬರ್ರಿ."

ಅವರು ಎದ್ದರು. ಆಮೇಲೆ ಕಪಾಟಿಗೆ ಕೈಹಾಕಿ, ವೈರಿನ ಗಂಟು ಮುಟ್ಟಿ ನೋಡಿ, ಚೀಲವನ್ನು ಕಂಕುಳಲ್ಲಿ ಇರುಕಿಕೊಂಡರು. ನಾನೂ ಚಪ್ಪಲಿ ಮೆಟ್ಟಿದೆ.

"ನೀನು ಬರ್ಬ್ಯಾಡ. ನೀನು ಪಕ್ಕದಾಗೆ ನಿಂತ್ರೆ ನಾನು ಪೇಷಂಟ್ ಆಗ್ತೀನಿ."

ನಿಂತೆ. ಅವರು ಬೀದಿ ದಾಟುವವರೆಗೆ ಉಸಿರು ಹಿಡಿದು, ಆಮೇಲೆ ಸದ್ದಿಲ್ಲದೆ ಹೋಗಿ ಅವಳ ಬಾಗಿಲ ಮರೆಯಲ್ಲಿ ನಿಂತೆ. ಒಳಗೆ ಅವರು, "ಪ್ಲಗ್ ಕಿತ್ತೀಯೇನಮ್ಮ?" ಎಂದು ಕೇಳಿದರು. ಚೀಲ ತೆರೆದರು. ಬೇಕಾದ ಸ್ಪ್ಯಾನರ್ ಎರಡನೇ ಜೇಬಿನಿಂದ ಕೈಗೆ ಬಂತು. ಮೋಟರಿನ ಬೋಲ್ಟು ಸಡಿಲಿಸಿ, ಬೆಲ್ಟನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿ, ಮೋಟರನ್ನು ಹಿಂದಕ್ಕೆ ಎಳೆದು ಮತ್ತೆ ಬಿಗಿದರು. ಒಮ್ಮೆಯೂ ತಡವರಿಸಲಿಲ್ಲ. ತಿಪ್ಪಮ್ಮ ಸ್ವಿಚ್ ಹಾಕಿದಳು, ಕಲ್ಲು ಗಡಗಡ ತಿರುಗಿತು, ನೋಡಿ ಆರಿಸಿದಳು. ಅವರು ಸಾಮಾನು ಒಳಗಿಡತೊಡಗಿದರು.

ಅಲ್ಲೇ ನನ್ನ ಪರೀಕ್ಷೆ. ಥಿಯೇಟರಿನಲ್ಲಿ ಹೊಟ್ಟೆ ಮುಚ್ಚುವ ಮೊದಲು ಎಲ್ಲವನ್ನೂ ಎಣಿಸುವುದು ನರ್ಸಿನ ಕೆಲಸ. ಲೆಕ್ಕ ತಪ್ಪಿದರೆ ಎಂಥ ದೊಡ್ಡ ಸರ್ಜನ್ ಆದರೂ ಕೂಗಿ ನಿಲ್ಲಿಸಬೇಕು. ಬಾಗಿಲ ಮರೆಯಲ್ಲಿ ನನ್ನ ತುಟಿ ತಾನಾಗಿ ಎಣಿಸುತ್ತಿತ್ತು, ಒಂದು ಕಡಿಮೆ ಬಂತು. ಸಣ್ಣ ಸ್ಪ್ಯಾನರ್ ಗ್ರೈಂಡರಿನ ಕಾಲ ಸಂದಿಯಲ್ಲಿ ಬಿದ್ದಿದೆ. ನನಗೆ ಕಾಣುತ್ತಿದೆ, ಅವರಿಗೆ ಕಾಣುವುದಿಲ್ಲ. ಅವರ ಕೈ ಜಿಪ್ಪಿನ ಮೇಲಿದೆ. ಕೂಗಲು ಬಾಯಿ ತೆರೆದೆ. ಸೆರಗನ್ನು ಬಾಯಿಗೆ ಒತ್ತಿಕೊಂಡೆ.

ಅವರು ಜಿಪ್ಪು ಎಳೆಯಲಿಲ್ಲ. ಹೆಬ್ಬೆರಳನ್ನು ಜೇಬುಗಳ ಮೇಲೆ ಸಾಲಾಗಿ ಓಡಿಸಿ, ಒಂದು ಖಾಲಿ ಜೇಬಿನ ಮೇಲೆ ನಿಲ್ಲಿಸಿದರು. ಆ ಚೀಲವನ್ನು ನಾನು ನಿಜವಾಗಿ ಮೆಚ್ಚಿದ್ದು ಆ ಕ್ಷಣದಲ್ಲಿ. ಗೋಣಿಚೀಲದಲ್ಲಿ ಇರುವುದಕ್ಕೂ ಜಾಗವಿಲ್ಲ, ಇಲ್ಲದ್ದಕ್ಕೂ ಜಾಗವಿಲ್ಲ. ಇದರಲ್ಲಿ ಇಲ್ಲದ್ದೂ ಬೆರಳಿಗೆ ಸಿಗುತ್ತದೆ. ಅವರು ನೆಲವನ್ನು ನಿಧಾನವಾಗಿ ಸವರಿ, ಕಾಲ ಸಂದಿಯಿಂದ ಸ್ಪ್ಯಾನರ್ ತೆಗೆದು, ಅದರ ಜೇಬಿಗೆ ಸೇರಿಸಿ, ಜಿಪ್ಪು ಎಳೆದರು. ಬಾಗಿಲ ಕಡೆ ತಿರುಗಲೂ ಇಲ್ಲ.

"ಏನೇ, ಲೆಕ್ಕ ಸರಿ ಆತಾ?"

"ಆಯ್ತು ರೀ" ಎಂದೆ.

ಎಣಿಸುವುದನ್ನು ಆಸ್ಪತ್ರೆ ಚಿಕ್ಕ ವಯಸ್ಸಿನಲ್ಲೇ ಕಲಿಸಿತ್ತು. ಎಣಿಸಿಯೂ ಬಾಯಿ ಮುಚ್ಚಿಕೊಂಡಿರುವುದನ್ನು ಕಲಿಯಲು ಮಾತ್ರ ಇಷ್ಟು ವಯಸ್ಸಾಗಬೇಕಾಯಿತು.