ಕಲ್ಲು ನೆಲದ ಗೂಟ

ಗೂಟದ ತಲೆಗೆ ಬಳಿದ ಸುಣ್ಣ ಇನ್ನೂ ಪೂರ್ತಿ ಒಣಗಿರಲಿಲ್ಲ. ಗೂಟ ಮಾತ್ರ ನಾನು ನೆಟ್ಟಲ್ಲಿ ಇರಲಿಲ್ಲ. ಮೂವತ್ತು ಹೆಜ್ಜೆ ಆಚೆ, ಬಾವಿಯ ಮಗ್ಗುಲಲ್ಲಿ ನಿಂತಿತ್ತು. ಅದರ ಸುತ್ತಲಿನ ಎತ್ತರದ ಜೋಳವನ್ನು ಕೊಯ್ದು ಮಲಗಿಸಿದ್ದರು. ತಕ್ಕಡಿ ತರಲು ನಾನು ಚಾವಡಿಗೆ ಹೋಗಿ ಬರುವಷ್ಟರಲ್ಲಿ ಇಷ್ಟೂ ಆಗಿತ್ತು.

ನಿಜಾಮರ ಸರ್ಕಾರದ ಅಂಕಿಅಂಶ ಕಚೇರಿಯಲ್ಲಿ ನಾನು ಅದುವರೆಗೆ ಅಂಕಿ ಕೂಡಿಸುವ ಕೆಲಸವನ್ನಷ್ಟೇ ಮಾಡಿದ್ದೆ. ಬರಹದ ಪರೀಕ್ಷೆ ಪಾಸಾಗಿತ್ತು. ಮೂರು ಕಡೆ ಬೆಳೆ ಕೊಯ್ದು ತೂಗಿದ ವರದಿಗೆ ಮೇಲಧಿಕಾರಿ ಸಹಿ ಹಾಕಿದರೆ ಸಂಖ್ಯಾಶಾಸ್ತ್ರಜ್ಞೆಯ ಸನದು. ಇಲ್ಲವಾದರೆ ಮತ್ತೆ ಅದೇ ಕುರ್ಚಿ. ಜಹೀರಾಬಾದು, ತಾಂಡೂರು ಮುಗಿದಿದ್ದವು. ನಾರಾಯಣಖೇಡದ ಈ ಹೊಲವೊಂದು ಉಳಿದಿತ್ತು. ಎಲ್ಲಿ ಕೊಯ್ಯಬೇಕೆಂಬುದನ್ನು ಕಣ್ಣು ಆರಿಸಬಾರದು. ಚೀಟಿ ಎತ್ತಿದಂತೆ ಬಂದ ಅಂಕಿಯಷ್ಟು ಹೆಜ್ಜೆ ಹಾಕಿ ಗೂಟ ನೆಟ್ಟು, ಅದರ ಸುತ್ತಲಿನ ಬೆಳೆಯನ್ನಷ್ಟೇ ಕೊಯ್ದು ತೂಗಬೇಕು. ನನ್ನ ಅಂಕಿ ನನ್ನನ್ನು ಕಲ್ಲು ನೆಲಕ್ಕೆ ಒಯ್ದಿತ್ತು.

“ಗೂಟ ಯಾರ ಕಿತ್ತಾರ?” ಎಂದೆ.

“ನಾನೇ ರೀ ಅಕ್ಕಾರ,” ಎಂದರು ಊರಿನ ಲೆಕ್ಕ ಬರೆಯುವ ಪಟ್ವಾರಿ. “ಹೈದ್ರಾಬಾದಿಂದ ಬಂದೀರಿ. ಬೀಗರ ಮುಂದ ಸೀದ ರೊಟ್ಟಿ ಇಡ್ತಾರೇನ್ರಿ? ಆ ಕಲ್ಲಾಗಿನ ಜ್ವಾಳ ತೂಗಿದ್ರ ಊರಿನ ಇಜ್ಜತ್ ಏನ ಉಳೀತದ?”

ಅವರ ಮೇಲಿನ ಸಿಟ್ಟು ಬೇಗ ಇಳಿಯಿತು. ಇಳಿಯದೆ ಉಳಿದದ್ದು ಮೇಲಧಿಕಾರಿಯ ಮೇಲಿನದು. ಕೊಯ್ಲು ನೋಡಲೆಂದು ನನ್ನ ಜೊತೆ ಬಂದಿದ್ದ, ಕಲಬುರ್ಗಿ ಕಡೆಯವರಾದ ಅವರು ಬೇವಿನ ನೆರಳಿನಲ್ಲಿ ಕುರ್ಚಿ ಹಾಕಿಸಿಕೊಂಡು ಎಲ್ಲವನ್ನೂ ನೋಡಿದ್ದರು.

“ಕೊಯ್ದದ್ದು ಆತಲ್ಲ. ತೂಗಿ ಬರೀರಿ, ಸಹಿ ಮಾಡ್ತೀನಿ. ನಾಳಿ ಮುಂಜಾನಿ ಬಸ್ಸಿಗಿ ನಾ ಹೊಂಟೆ.”

“ಸುಳ್ಳ ತೂಕ ಆಗ್ತದ್ರಿ.”

“ಜ್ವಾಳ ಸುಳ್ಳ ಹೇಳ್ತದೇನ ತಂಗಿ? ಮನ್ಯಾಗ ಮಾಡೋ ಹಟ ಸಾಲ್ದಂತ ಹೊಲಕ್ಕೂ ತಂದೀರಿ.”

ಪಟ್ವಾರಿ ನಕ್ಕರು.

ಅಂಕಿ ತೋರಿಸಿದ ಜಾಗ ಬಿಟ್ಟು ಒಳ್ಳೆಯ ಜಾಗ ಕೊಯ್ದರೆ ಇಡೀ ತಾಲ್ಲೂಕಿನ ಅಂದಾಜು ಹಾಳು ಎಂದು ಪರೀಕ್ಷೆಯಲ್ಲಿ ಬರೆದಿದ್ದೆ. ಅದಕ್ಕೆ ಪೂರ್ತಿ ಅಂಕ ಕೊಟ್ಟವರು ಇದೇ ಮನುಷ್ಯ. ಕಾಗದದ ಮೇಲೆ ಸರಿಯಾಗಿದ್ದದ್ದು ಬೇವಿನ ನೆರಳಿನಲ್ಲಿ ಹೆಣ್ಣಿನ ಹಟವಾಗಿಬಿಟ್ಟಿತು! ಬಸ್ಸಿನ ಅವಸರದಲ್ಲಿ ಹಾಗೆಂದರು ಎಂದು ಯಾರಾದರೂ ಹೇಳಿದರೆ ಇಂದಿಗೂ ನಾನು ಒಪ್ಪುವುದಿಲ್ಲ. ತೂಗದೆಯೇ ತಕ್ಕಡಿಯನ್ನು ಚೀಲಕ್ಕೆ ಹಾಕಿದೆ.

ಮರುದಿನ ಮುಂಜಾನೆ ಮೇಲಧಿಕಾರಿ ಹೊರಟ ಬಸ್ಸಿನ ಹಾರನ್ ಊರ ಕಡೆಯಿಂದ ಕೇಳಿಸಿತು. ನಾನು ಕಲ್ಲು ನೆಲದಲ್ಲಿ ಹಳೆಯ ಕುಳಿ ಹುಡುಕಿ ಗೂಟ ಬಡಿದೆ, ಹಗ್ಗ ಎಳೆದು ಕಟ್ಟಿದೆ, ಕುಡುಗೋಲು ಕೇಳಿ ಪಡೆದು ನಾನೇ ಕೊಯ್ದೆ. ತೆನೆ ತೂಗಿದರೆ ಎರಡು ಸೇರೂ ಇರಲಿಲ್ಲ. ಇದ್ದಷ್ಟನ್ನೇ ಬರೆದು, ಸಹಿಯ ಜಾಗ ಖಾಲಿ ಬಿಟ್ಟು, ಹಾಳೆ ಮಡಿಸಿದೆ.